ಶುರು, ಕೊನೆ ಮತ್ತು ನಡುವಿನ ನಲವತ್ತು ನಿಮಿಷ

ಐದು ವರ್ಷದ ತರಬೇತಿಯಲ್ಲಿ ಜಿಪ್ಪಣ್ಣ ಏಳುನೂರಕ್ಕೂ ಹೆಚ್ಚು ಆಪರೇಷನ್‌ಗಳನ್ನು ಶುರು ಮಾಡಿದ್ದ. ಹೆಚ್ಚುಕಮ್ಮಿ ಅಷ್ಟನ್ನೇ ಮುಗಿಸಿಯೂ ಇದ್ದ. ನಡುವೆ ನಡೆಯುವುದೇನೆಂದು ಅವನಿಗೆ ಗೊತ್ತಿರಲಿಲ್ಲ ಎಂದಲ್ಲ. ಮದುವೆಗೆ ಹೋಗಿ ಊಟ ಮಾಡಿ ಬಂದವನಿಗೆ ಸಂಸಾರ ಎಷ್ಟು ಗೊತ್ತಿರುತ್ತದೋ ಅಷ್ಟು ಗೊತ್ತಿತ್ತು.

ದೊಡ್ಡ ಆಸ್ಪತ್ರೆಯ ಪದ್ಧತಿಯೇ ಹಾಗಿತ್ತು. ಬೆಳಿಗ್ಗೆ ಎಂಟಕ್ಕೆ ರೋಗಿ ಮೇಜಿನ ಮೇಲೆ. ತರಬೇತಿಯಲ್ಲಿರುವ ರೆಸಿಡೆಂಟ್ ಡಾಕ್ಟರು ಚರ್ಮ ಕೊಯ್ದು, ಕೊಬ್ಬು ಸರಿಸಿ, ಸ್ನಾಯು ಬಿಡಿಸಿ ದಾರಿ ಮಾಡಿಡಬೇಕು. ಆಮೇಲೆ ಯಾರಾದರೂ ಓಡಿಹೋಗಿ ಮುಖ್ಯ ಸರ್ಜನ್ನರ, ಅಂದರೆ ಬಾಸ್‌ನ, ಕೋಣೆಯ ಬಾಗಿಲು ತಟ್ಟಿ "ಸರ್, ರೆಡಿ" ಅನ್ನಬೇಕು. ಬಾಸ್ ಅರ್ಧ ಕುಡಿದ ಚಹಾದ ಮೇಲೆ ತಟ್ಟೆ ಮುಚ್ಚಿಟ್ಟು ಬರುತ್ತಿದ್ದರು. ರೋಗಿಯ ಬಲಗಡೆ ಅವರು, ಎಡಗಡೆ ಜಿಪ್ಪಣ್ಣ. ನಲವತ್ತು ನಿಮಿಷ. ಆ ನಲವತ್ತು ನಿಮಿಷ ಜಿಪ್ಪಣ್ಣನ ಕೆಲಸವೆಂದರೆ ಕೊಕ್ಕೆಯಂಥ ರಿಟ್ರಾಕ್ಟರ್ ಹಿಡಿದು ಎಳೆಯುವುದು, ರಕ್ತ ಬಂದಲ್ಲಿ ಗಾಜ್ ಬಟ್ಟೆ ಒತ್ತುವುದು, ಬೈಸಿಕೊಳ್ಳುವುದು. ಆಮೇಲೆ ಬಾಸ್ ಕೈಗವಸು ಕಿತ್ತು ಬಕೆಟ್ಟಿಗೆ ಎಸೆದು "ಮುಚ್ಚು" ಅನ್ನುತ್ತಿದ್ದರು. ಹೋಗಿ ನೋಡಿದರೆ ಚಹಾ ಇನ್ನೂ ಉಗುರುಬೆಚ್ಚಗೆ ಇರುತ್ತಿತ್ತಂತೆ.

ಮುಚ್ಚುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಜೊತೆಯ ರೆಸಿಡೆಂಟರು ಹೆಸರಿಟ್ಟದ್ದು ಅದಕ್ಕೇ. "ತೆಗೆಯೋದು, ಹಾಕೋದು, ಜಿಪ್ಪಿನ ಕೆಲಸ ಅಷ್ಟೇ ತಾನೆ?" ಎಂದು ನಕ್ಕವರೂ ಅಷ್ಟನ್ನೇ ಮಾಡುತ್ತಿದ್ದರು. ಆದರೆ ಹೆಸರು ಅಂಟಿಕೊಂಡದ್ದು ಇವನಿಗೆ. ಬಿಡಿಸಿಕೊಳ್ಳಲು ಇವನೂ ಹೆಚ್ಚು ಪ್ರಯತ್ನ ಪಡಲಿಲ್ಲ. ಐದು ವರ್ಷದಲ್ಲಿ ಅವನಿಗೆ ಸ್ವಂತವಾಗಿ ಸಿಕ್ಕಿದ್ದು ಅದೊಂದೇ.

ಕೊನೆಯ ಎರಡು ವರ್ಷ ಉಳಿದಿರುವಾಗ ಆಸ್ಪತ್ರೆಗೆ ರೋಬೋಟ್ ಬಂತು. ಹೂಗುಚ್ಛ, ಭಾಷಣ, ಫೋಟೋ ಎಲ್ಲ ಆಯಿತು. ಅದನ್ನು ನಡೆಸುವವರಿಗೆ ಇದ್ದದ್ದು ಒಂದೇ ಕುರ್ಚಿ. ಬಾಸ್ ಮೂಲೆಯಲ್ಲಿ ಚಪ್ಪಲಿ ಬಿಟ್ಟು ಅದರಲ್ಲಿ ಕೂತು, ಎರಡು ತೂತುಗಳಿಗೆ ಕಣ್ಣಿಟ್ಟರೆ ಜಿಪ್ಪಣ್ಣ ರೋಗಿಯ ಪಕ್ಕ ನಿಂತು ಯಂತ್ರದ ಕೈಗಳಿಗೆ ಸಾಮಾನು ಬದಲಾಯಿಸುತ್ತಿದ್ದ. ಯಂತ್ರಕ್ಕೆ ನಾಲ್ಕು ಕೈ, ಐದನೆಯದು ಜಿಪ್ಪಣ್ಣ. ಕುತ್ತಿಗೆಯ ಆಪರೇಷನ್‌ಗೆ ಬೇರೊಂದು ಪೆಟ್ಟಿಗೆ ಇತ್ತು. ಥೈರಾಯಿಡ್ ಗ್ರಂಥಿಯ ಬೆನ್ನಿಗೆ ಅಂಟಿಕೊಂಡಂತೆ ಧ್ವನಿಯ ನರ ಹೋಗುತ್ತದೆ. ದಾರದಷ್ಟು ತೆಳ್ಳಗೆ, ಬೆಳ್ಳಗೆ. ಪೆಟ್ಟಿಗೆಯ ಕಡ್ಡಿಯನ್ನು ಅದಕ್ಕೆ ತಾಗಿಸಿದರೆ "ಕುಂಯ್" ಅನ್ನುತ್ತಿತ್ತು. ಬಾಸ್ "ಹಾಂ, ಇಲ್ಲಿದಾನೆ" ಅನ್ನುತ್ತಿದ್ದರು. ಹೀಗೆ ಜಿಪ್ಪಣ್ಣ ಆ ನರವನ್ನು ಕಿವಿಯಿಂದ ಕಲಿತ. ಎದುರು ಬದಿಯಲ್ಲಿ ಬಾಸ್‌ನ ತಲೆ ಅಡ್ಡ ಇರುತ್ತಿದ್ದುದರಿಂದ ಕಣ್ಣಿಗೆ ಅವರ ಟೋಪಿ ಚೆನ್ನಾಗಿ ಪರಿಚಯವಾಗಿತ್ತು.

ಅಂತಿಮ ಪರೀಕ್ಷೆಗೆ ಮೊದಲು ಲಾಗ್‌ಬುಕ್ ತುಂಬಿಸಬೇಕು. ಅದರಲ್ಲಿ ಮೂರು ಅಂಕಣ: ನೋಡಿದ್ದು, ಸಹಾಯ ಮಾಡಿದ್ದು, ಸ್ವತಂತ್ರವಾಗಿ ಮಾಡಿದ್ದು. ಮೂರನೆಯದು ಖಾಲಿ ಇದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ತೆರೆದು ಮುಚ್ಚಿದ್ದೆಲ್ಲ ಮೂರನೆಯ ಅಂಕಣಕ್ಕೆ ಹೋಗಬೇಕೆಂದು ಹಿರಿಯ ರೆಸಿಡೆಂಟರು ಕಿರಿಯರಿಗೆ ಕಿವಿಯಲ್ಲಿ ಹೇಳಿಕೊಡುತ್ತಿದ್ದರು. ಅವರಿಗೂ ಯಾರೋ ಹಾಗೇ ಹೇಳಿಕೊಟ್ಟಿದ್ದರು. ಒಂದು ಮಧ್ಯಾಹ್ನ ಗುಮಾಸ್ತ ಹಾಳೆ ತಿರುಗಿಸುತ್ತ ಹೋದ, ಬಾಸ್ ಫೋನಿನಲ್ಲಿ ಮಾತಾಡುತ್ತಲೇ ರುಜು ಹಾಕುತ್ತ ಹೋದರು. ಥೈರಾಯಿಡ್ ಆಪರೇಷನ್ ಸ್ವತಂತ್ರವಾಗಿ ಮಾಡಿದ್ದು: ಅರವತ್ತೆರಡು. ರುಜುವಿನ ಮೇಲೆ ಮೊಹರು, ಮೊಹರಿನ ಮೇಲೆ ಇನ್ನೊಂದು ರುಜು.

ಆ ಪುಸ್ತಕ ನೋಡಿಯೇ ಅವನಿಗೆ ಸಣ್ಣ ಊರಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಅಲ್ಲಿದ್ದ ಹಳೆಯ ಸರ್ಜನ್ ನಿವೃತ್ತರಾಗಿ ಎಂಟು ತಿಂಗಳಾಗಿತ್ತು. ಆಸ್ಪತ್ರೆ ನಡೆಸುವ ಮೇಡಂ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಪುಟ ತಿರುಗಿಸಿದರು.

"ಅರವತ್ತೆರಡಾ! ಈ ವಯಸ್ಸಿಗೇ! ಇಲ್ಲಿ ಗಂಟಲ ಗಂಟಿನವರು ಬಹಳ ಜನ ಇದಾರೆ. ಇನ್ಮೇಲೆ ಯಾರನ್ನೂ ದೂರ ಕಳಿಸಬೇಕಾಗಿಲ್ಲ ಬಿಡಿ."

"ಮೇಡಂ, ಅಲ್ಲಿ ನರ ಹುಡುಕೋ ಮಿಷನ್ ಇತ್ತು..." ಎಂದು ಅವನು ಶುರು ಮಾಡಿದ. ಶುರು ಮಾಡುವುದರಲ್ಲಿ ಗಟ್ಟಿಗನಲ್ಲವೆ?

"ಹಳೇ ಡಾಕ್ಟರು ಮೂವತ್ತು ವರ್ಷ ಮಿಷನ್ ಇಲ್ಲದೇ ಮಾಡಿದ್ರು," ಎಂದರು ಮೇಡಂ. ಜಿಪ್ಪಣ್ಣ ವಾಕ್ಯವನ್ನು ಅಲ್ಲಿಗೇ ಮುಚ್ಚಿದ.

ಉಳಿದುಕೊಂಡದ್ದು ಅಕ್ಕನ ಮನೆಯ ಮಹಡಿಯ ಕೋಣೆಯಲ್ಲಿ. ಅಕ್ಕ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ದಿನಾ ಬಸ್ಸಿನಲ್ಲಿ ಹೋಗಿ ಬರುವವಳು. ತಮ್ಮ ಡಾಕ್ಟರಾಗಿದ್ದಾನೆಂಬ ಹೆಮ್ಮೆಯನ್ನು ಅವಳು ಹೊರಗಿನವರ ಮುಂದೆ ಮಾತ್ರ ತೋರಿಸುತ್ತಿದ್ದಳು. ಮನೆಯೊಳಗೆ, "ಒದ್ದೆ ಟವೆಲ್ಲು ಹಾಸಿಗೆ ಮೇಲೆ ಹಾಕೋನು ಜನರ ಹೊಟ್ಟೆ ಒಳಗೆ ಏನೇನು ಬಿಟ್ಟು ಬರ್ತಾನೋ!"

ಮೊದಲ ಮೂರು ತಿಂಗಳು ತೊಂದರೆಯಿಲ್ಲದೆ ಕಳೆಯಿತು. ಅಪೆಂಡಿಕ್ಸು, ಹರ್ನಿಯಾ, ಬಾವು, ಮುರಿದ ಬೀರು ಬಾಟಲಿ ತುಳಿದ ಕಾಲು. ಬಾಸ್‌ಗೆ ಬೇಸರ ಬರುವ ಆಪರೇಷನ್‌ಗಳೆಲ್ಲ ರೆಸಿಡೆಂಟರಿಗೆ ಪೂರ್ತಿಯಾಗಿ ಸಿಗುತ್ತಿದ್ದವು. ಹಾಗಾಗಿ ಇವು ಅವನಿಗೆ ನೀರು ಕುಡಿದ ಹಾಗೆ. ಹೊಸ ಡಾಕ್ಟರ ಹೊಲಿಗೆ ನೋಡಬೇಕು, ಗಾಯವೇ ಕಾಣುವುದಿಲ್ಲ ಎಂಬ ಮಾತು ಊರಲ್ಲಿ ಹಬ್ಬಿತು. ಜಿಪ್ಪಣ್ಣನ ನಡಿಗೆಯಲ್ಲಿ ಸ್ವಲ್ಪ ಗತ್ತು ಬಂತು.

ಆಗ ಬಂದವಳು ಮೈಕಕ್ಕ.

ಬಸ್ ನಿಲ್ದಾಣದಲ್ಲಿ ಯಾವ ಬಸ್ಸು ಯಾವ ಪ್ಲಾಟ್‌ಫಾರ್ಮಿಗೆ ಎಂದು ಕೂಗಿ ಹೇಳುವವಳು ಆಕೆ. ಹತ್ತೊಂಬತ್ತು ವರ್ಷದಿಂದ ಗಾಜಿನ ಸಣ್ಣ ಗೂಡಿನಲ್ಲಿ ಮೈಕಿನ ಮುಂದೆ ಕೂತಿದ್ದಳು. ಊರಿನ ಮಕ್ಕಳು ಅವಳನ್ನು ಕೇಳಿ ಊರುಗಳ ಹೆಸರು ಕಲಿಯುತ್ತಿದ್ದರು. ಸ್ವಂತ ಹೆಸರು ಸಂಬಳದ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಗಂಡ ಕೂಡ ಮೈಕಕ್ಕ ಅಂತಲೇ ಕರೆಯುತ್ತಾನೆಂದು ಜನ ಆಡಿಕೊಳ್ಳುತ್ತಿದ್ದರು. ಕುತ್ತಿಗೆಯ ಬಲಗಡೆ ನಿಂಬೆ ಗಾತ್ರದ ಗಂಟು. ಪರೀಕ್ಷೆಯಲ್ಲಿ ಅನುಮಾನ ಬಂದಿತ್ತು, ತೆಗೆಸಲೇಬೇಕು.

"ದೊಡ್ಡ ಆಸ್ಪತ್ರೇಲಿ ಎರಡು ತಿಂಗಳು ಬಿಟ್ಟು ತಾರೀಖು ಕೊಟ್ಟಿದಾರೆ," ಎಂದಳು, ಕೈಲಿದ್ದ ಚೀಟಿ ತೋರಿಸಿ. ಅಷ್ಟು ಸಣ್ಣ ಕೋಣೆಯಲ್ಲಿ ಆ ಧ್ವನಿ ತುಂಬಿ ಕಿಟಕಿಯಿಂದ ಹೊರಗೂ ಚೆಲ್ಲುತ್ತಿತ್ತು. "ಇಲ್ಲೇ ನೀವು ಮಾಡ್ತೀರಿ ಅಂತ ಕೇಳ್ದೆ. ಅಲ್ಲಿಗೆ ಹೋಗ್ಲಾ, ಇಲ್ಲೇ ಮಾಡಿಸ್ಕೊಳ್ಲಾ? ನೀವೇ ಹೇಳಿ. ನನಗೆ ಬೇರೆ ಏನು ಹೋದ್ರೂ ಪರವಾಗಿಲ್ಲ, ಗಂಟಲು ಹೋಗಬಾರದು. ಅದೇ ನನ್ನ ಕೆಲಸ."

ಅವನು ಹೇಳಬೇಕಾದ್ದನ್ನು ಹೇಳಿದ. ಧ್ವನಿಯ ನರ ಹತ್ತಿರವೇ ಇರುತ್ತದೆ, ಪೆಟ್ಟಾಗುವ ಸಾಧ್ಯತೆ ಇದೆ, ನೂರರಲ್ಲಿ ಒಬ್ಬರಿಗೆ. ಪುಸ್ತಕದಲ್ಲಿದ್ದ ಲೆಕ್ಕ ಅದು. ಬಾಸ್‌ನಂಥವರ ಕೈಯ ಲೆಕ್ಕ.

"ನೀವು ಎಷ್ಟು ಮಾಡಿದೀರಿ?"

ತೀರ ಸರಳವಾದ ಪ್ರಶ್ನೆ. ಮೂರು ತಿಂಗಳ ಗತ್ತು, ಮೇಡಂ ಮುಖ, ಮೊಹರಿನ ಮೇಲಿನ ರುಜು ಎಲ್ಲ ಸೇರಿ ಅವನ ಬಾಯಿಂದ ಉತ್ತರ ಹೊರಡಿಸಿದವು.

"ಅರವತ್ತೆರಡು."

ಮೈಕಕ್ಕ ಬೆರಳು ಮಡಿಚಿ ಲೆಕ್ಕ ಹಾಕಿ ನಕ್ಕಳು. "ಹಾಗಾದ್ರೆ ನೂರಕ್ಕೆ ಇನ್ನೂ ಮೂವತ್ತೆಂಟು ಬಾಕಿ ಇದೆ. ನನ್ನ ಸರದಿ ಅಲ್ಲ ಬಿಡಿ!"

ಅವನೂ ನಕ್ಕ. ಆಕೆ ದೊಡ್ಡ ಆಸ್ಪತ್ರೆಗೆ ಅಲ್ಲಿಂದಲೇ ಫೋನು ಮಾಡಿ ತನ್ನ ತಾರೀಖನ್ನು ಬಿಟ್ಟುಕೊಟ್ಟಳು. "ಬೇರೆ ಯಾರಿಗಾದ್ರೂ ಆಗ್ಲಿ ಪಾಪ," ಎಂದಳು.

ಆಪರೇಷನ್ ದಿನ ಬೆಳಿಗ್ಗೆ ಕೈ ತೊಳೆದು, ನಿಲುವಂಗಿ ತೊಟ್ಟು, ಒಳಗೆ ಹೋಗಿ ಮೇಜಿನ ಪಕ್ಕ ನಿಂತ. ಥಿಯೇಟರಿನ ಹಿರಿಯ ಸಿಸ್ಟರ್ ಸಾಮಾನಿನ ಟ್ರೇ ಇಟ್ಟುಕೊಂಡು ಅವನನ್ನೇ ನೋಡುತ್ತಿದ್ದರು.

"ಡಾಕ್ಟ್ರೇ, ಅಲ್ಲಿ ನಿಂತ್ರೆ ನಾನು ಚಾಕು ಯಾರಿಗೆ ಕೊಡ್ಲಿ? ಗೋಡೆಗಾ?"

ಅವನು ಎಡಗಡೆ ನಿಂತಿದ್ದ. ಸಹಾಯಕರು ನಿಲ್ಲುವ ಜಾಗ. ಅಪೆಂಡಿಕ್ಸು ಹರ್ನಿಯಾಗಳಿಗೆಲ್ಲ ಸರಿಯಾಗಿಯೇ ನಿಂತಿದ್ದ ಕಾಲು, ಕುತ್ತಿಗೆಯ ಆಪರೇಷನ್ ಎಂದ ಕೂಡಲೇ ತನ್ನಷ್ಟಕ್ಕೆ ತಾನೇ ಐದು ವರ್ಷದ ಹಳೆಯ ಜಾಗಕ್ಕೆ ನಡೆದು ಹೋಗಿತ್ತು. ಸಹಾಯಕ್ಕೆಂದು ಬಂದಿದ್ದ ವಾರ್ಡಿನ ಡ್ಯೂಟಿ ಡಾಕ್ಟರು ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಬಾಗಿಲ ಬಳಿಯೇ ನಿಂತುಬಿಟ್ಟಿದ್ದರು. ಜಿಪ್ಪಣ್ಣ ಮುಖಗವಸಿನೊಳಗೇ ನಕ್ಕು, ಮೇಜು ಸುತ್ತಿಕೊಂಡು ಬಲಗಡೆಗೆ ಬಂದ.

ಶುರು ಅದ್ಭುತವಾಗಿ ಆಯಿತು. ಕುತ್ತಿಗೆಯ ಗೆರೆಯೊಳಗೇ ಅಡಗುವ ಹಾಗೆ ಕೊಯ್ದ. ರಕ್ತ ಒಂದು ಚಮಚವೂ ಹೋಗಿರಲಿಲ್ಲ. ಸಿಸ್ಟರ್ ಮೆಚ್ಚಿ ತಲೆಯಾಡಿಸಿದರು. ಸ್ನಾಯು ಬಿಡಿಸಿದ. ಗ್ರಂಥಿ ಕಂಡಿತು. ಎಡಗೈಗೆ ರಿಟ್ರಾಕ್ಟರ್ ತೆಗೆದುಕೊಂಡು, ಎಳೆದು ಹಿಡಿದು, ನಿಂತ.

ನಿಂತೇ ಇದ್ದ.

ಗಡಿಯಾರದ ಸೆಕೆಂಡು ಮುಳ್ಳು ಒಂದು ಸುತ್ತು ಬಂತು. ತಲೆಯ ಹತ್ತಿರ ಕೂತಿದ್ದ ಅರಿವಳಿಕೆ ಡಾಕ್ಟರು ಫೋನಿನಿಂದ ಕಣ್ಣೆತ್ತಿ ಕೇಳಿದರು, "ಏನ್ ಡಾಕ್ಟ್ರೇ, ಯಾರಾದ್ರೂ ಬರೋರಿದಾರಾ?"

ಜಿಪ್ಪಣ್ಣ ತಲೆಯೆತ್ತಿ ಬಾಗಿಲು ನೋಡಿದ. ಹೌದು, ಅವನು ಕಾಯುತ್ತಿದ್ದ. ಬಾಗಿಲು ತೆರೆಯುವ ಸದ್ದಿಗೆ, ಆ ಟೋಪಿಗೆ, "ಆಚೆ ಸರಿ, ಸರಿಯಾಗಿ ಎಳಿ" ಎಂಬ ಬೈಗುಳಕ್ಕೆ.

ಆಗಲಾದರೂ ಮುಚ್ಚಿಬಿಡಬಹುದಿತ್ತು. ಮುಚ್ಚಲು ಬರುತ್ತಿತ್ತಲ್ಲ! ಹೊಲಿದು, ಎಚ್ಚರವಾದ ಮೇಲೆ ಆಕೆಯ ಎದುರು ಕೂತು, "ಅಕ್ಕಾ, ಇದು ನನ್ನ ಕೈಲಾಗಲ್ಲ, ದೊಡ್ಡ ಆಸ್ಪತ್ರೆಗೇ ಹೋಗಿ, ತಾರೀಖು ನಾನು ಕೊಡಿಸ್ತೀನಿ" ಅಂದಿದ್ದರೆ ಬೈಗುಳ ಬೀಳುತ್ತಿತ್ತು, ಗಾಯ ಮಾಯುತ್ತಿತ್ತು, ಧ್ವನಿ ಉಳಿಯುತ್ತಿತ್ತು. ಆದರೆ ಅರವತ್ತೆರಡು ಮಾಡಿದವನು ಅರವತ್ತಮೂರನೆಯದನ್ನು ಅರ್ಧಕ್ಕೆ ಯಾಕೆ ಬಿಟ್ಟ ಎಂದು ಯಾರಾದರೂ ಕೇಳಿದರೆ? ಆ ಒಂದು ಪ್ರಶ್ನೆಗೆ ಹೆದರಿ ಅವನು ಮುಂದುವರಿದ.

ಬಲಗಡೆಯಿಂದ ಎಲ್ಲವೂ ತಿರುವುಮುರುವಾಗಿ ಕಾಣುತ್ತಿತ್ತು. ಐದು ವರ್ಷ ಕನ್ನಡಿಯಲ್ಲಿ ನೋಡಿಕೊಂಡೇ ಗಡ್ಡ ಬೋಳಿಸಿಕೊಂಡವನ ಕೈಗೆ ಕತ್ತಿ ಕೊಟ್ಟು ಎದುರಿಗೆ ಇನ್ನೊಬ್ಬನನ್ನು ಕೂರಿಸಿದ ಹಾಗೆ. ಕೈಗೆ ಕೆಲಸ ಗೊತ್ತು, ದಿಕ್ಕು ಗೊತ್ತಿಲ್ಲ. ಬೆಳ್ಳಗೆ ತೆಳ್ಳಗೆ ಇದ್ದದ್ದು ಒಂದಲ್ಲ, ಮೂರು ಕಂಡವು. ಯಾವುದೂ ಕುಂಯ್ ಅನ್ನಲಿಲ್ಲ. ಅನ್ನಲು ಪೆಟ್ಟಿಗೆ ಬೇಕಲ್ಲ.

ಅರ್ಧ ಗಂಟೆ ಹಾಗೂ ಹೀಗೂ ಸಾಗಿತು. ಗ್ರಂಥಿ ಶ್ವಾಸನಾಳಕ್ಕೆ ಬಿಗಿಯಾಗಿ ಅಂಟಿಕೊಂಡಿರುವ ಕೊನೆಯ ಚೂರಿನ ಹತ್ತಿರ, ನರ ಎಲ್ಲಕ್ಕಿಂತ ಸಮೀಪ ಇರುವ ಜಾಗದಲ್ಲೇ, ಸಣ್ಣದೊಂದು ರಕ್ತನಾಳ ಬಿರಿಯಿತು. ಗುಂಡಿ ಕೆಂಪಗೆ ತುಂಬಿತು. ಅವನು ಗಾಜ್ ಒತ್ತಿದ. ಅದು ಅವನಿಗೆ ಬರುವ ಕೆಲಸ, ಸಾವಿರ ಸಲ ಒತ್ತಿದ್ದ. ಒತ್ತಿ ಹಿಡಿದು ಕಾಯಬೇಕು, ಆಮೇಲೆ ಮೆಲ್ಲಗೆ ತೆಗೆದು ನೋಡಬೇಕು, ಕಣ್ಣಿಗೆ ಸ್ಪಷ್ಟವಾಗಿ ಕಾಣದೆ ಏನನ್ನೂ ಹಿಡಿಯಬಾರದು. ಪರೀಕ್ಷೆಯಲ್ಲಿ ಈ ಪ್ರಶ್ನೆಗೆ ಅವನಿಗೆ ಪೂರ್ತಿ ಅಂಕ ಬಂದಿತ್ತು. ಆದರೆ ಒತ್ತಿ ಹಿಡಿಯುವವನೂ ನೋಡುವವನೂ ಯಾವತ್ತೂ ಬೇರೆ ಬೇರೆ ಆಗಿದ್ದರು. ಈಗ ಎರಡೂ ಅವನೇ.

"ಕ್ಲಾಂಪ್ ಕೊಡಿ ಸಿಸ್ಟರ್."

"ಇನ್ನೊಂಚೂರು ಒತ್ತಿ ಹಿಡೀರಿ ಡಾಕ್ಟ್ರೇ. ಹಳೇ ಸರ್ ಒತ್ತಿ ಹಿಡ್ಕೊಂಡು ನನ್ನ ಮೊಮ್ಮಕ್ಕಳ ಕತೆ ಪೂರ್ತಿ ಕೇಳ್ತಿದ್ರು."

"ಕ್ಲಾಂಪ್!"

ಸಿಸ್ಟರ್ ಕೊಟ್ಟರು. ಅವನು ಆ ಕೆಂಪು ಗುಂಡಿಯೊಳಗೆ ಇಕ್ಕಳದ ಬಾಯಿ ಇಳಿಸಿ ಕಚ್ಚಿಸಿದ. ರಕ್ತ ನಿಂತಿತು. ದಾರ ಸುತ್ತಿ ಗಂಟು ಹಾಕಿದ. ನೆತ್ತರು ಒರೆಸಿ ನೋಡಿದಾಗ, ಗಂಟಿನ ಪಕ್ಕದಲ್ಲಿ ಬಿಳಿ ದಾರದಂಥದ್ದೊಂದರ ತುದಿ ಕಂಡಿತು. ರಕ್ತನಾಳದ ತೊಗಲಿರಬೇಕು ಎಂದುಕೊಂಡ. ಹಾಗೆಂದುಕೊಳ್ಳಲು ಒಂದು ಕ್ಷಣ ಜಾಸ್ತಿಯೇ ಹಿಡಿಯಿತು.

ಆಮೇಲೆ ಗ್ರಂಥಿಯ ಆ ಕೊನೆಯ ಚೂರನ್ನೂ ಬಿಡಿಸಿ ತೆಗೆದು, ಮುಚ್ಚಿದ. ಅವನ ಜೀವಮಾನದ ಅತ್ಯಂತ ಚೆಂದದ ಹೊಲಿಗೆ ಅದು.

ಎಚ್ಚರವಾದ ಮೈಕಕ್ಕನನ್ನು "ಹೆಸರು ಹೇಳಿ" ಎಂದು ಕೇಳಿದರು. ಬಾಯಿ ಆಡಿತು, ಗಾಳಿ ಬಂತು. ಸೈಕಲ್ ಚಕ್ರದಿಂದ ಗಾಳಿ ಬಿಡುವಾಗ ಬರುವ ಸದ್ದು.

"ಉಸಿರಿನ ಟ್ಯೂಬ್ ಹಾಕಿದ್ವಲ್ಲ, ಗಂಟಲು ಕೆರೆದಿರತ್ತೆ," ಎಂದ ಜಿಪ್ಪಣ್ಣ. ಎರಡು ದಿನ ಅದನ್ನೇ ಹೇಳಿದ. ಮೂರನೆಯ ದಿನ ಸಣ್ಣ ಕನ್ನಡಿ ಬಾಯೊಳಗೆ ಹಿಡಿದು ನೋಡಿದ. ಎಡಗಡೆಯ ಧ್ವನಿತಂತು ಬಾಗಿಲಿನ ಹಾಗೆ ತೆರೆದು ಮುಚ್ಚುತ್ತಿತ್ತು. ಬಲಗಡೆಯದು ಗೋಡೆಗೆ ಒರಗಿಸಿಟ್ಟ ಹಲಗೆ.

"ನರಕ್ಕೆ ಸ್ವಲ್ಪ ಪೆಟ್ಟಾಗಿದೆ. ಜಜ್ಜಿದ್ದರೆ ಆರು ತಿಂಗಳೊಳಗೆ ಸರಿಹೋಗತ್ತೆ." ಸರಿಹೋಗುವ ಹಾಗೆ ಜಜ್ಜಿದ್ದೋ, ಸರಿಹೋಗದ ಹಾಗೆ ತುಂಡಾದದ್ದೋ ಎನ್ನುವುದನ್ನು ಹೇಳಲಿಲ್ಲ. ಬಿಳಿ ತುದಿಯನ್ನು ತಾನು ನೋಡಿದ್ದೇನೆಂದೂ ಹೇಳಲಿಲ್ಲ.

ಗಂಡ ಮಾತ್ರ ಹೆಂಡತಿಯ ಕುತ್ತಿಗೆಯನ್ನು ಹತ್ತಿರದಿಂದ ನೋಡಿ ಹೇಳಿದ, "ಗಾಯ ಎಲ್ಲಿದೆ ಅಂತಾನೇ ಗೊತ್ತಾಗಲ್ಲ ಸಾರ್. ಏನ್ ಕೈ ನಿಮ್ದು!"

ಆ ವಾರ ಅವನು ಬಾಸ್‌ಗೆ ಫೋನು ಮಾಡಿದ. ಬಾಸ್ ಎಲ್ಲ ಕೇಳಿಸಿಕೊಂಡರು.

"ಸರ್, ಆ ನಲವತ್ತು ನಿಮಿಷ ನನಗೆ ಒಂದು ಸಲಾನೂ ಕೊಡ್ಲಿಲ್ಲ."

"ಹೇಗೆ ಕೊಡ್ಲಪ್ಪಾ? ಜನ ನನ್ನ ಹೆಸರು ನೋಡಿ ಬರ್ತಾರೆ. ಎಲ್ಲಾದೂ ವಿಡಿಯೋ ಆಗತ್ತೆ. ದಿನಕ್ಕೆ ಆರು ಮುಗಿಸ್ಲಿಲ್ಲ ಅಂದ್ರೆ ಮೇಲಿನವರು ಕೇಳ್ತಾರೆ. ನಿನ್ನ ಕೈಗೆ ಕೊಟ್ರೆ ಎರಡೂ ಆಗಲ್ಲ."

"ನಿಮಗೆ ಯಾರು ಕೊಟ್ರು ಸರ್?"

"ಯಾರೂ ಕೊಡ್ಲಿಲ್ಲ." ಆಮೇಲೆ, ದನಿ ತಗ್ಗಿಸಿ, "ನನ್ನ ಮೊದಲ ಹತ್ತು ಜನ ಏನಾದ್ರು ಅಂತ ಮಾತ್ರ ಕೇಳ್ಬೇಡ."

ಜಿಪ್ಪಣ್ಣ ಕೇಳಲಿಲ್ಲ.

ಮೈಕಕ್ಕ ತಿಂಗಳಿಗೊಮ್ಮೆ ಬರುತ್ತಿದ್ದಳು. ಕನ್ನಡಿ, ಹಲಗೆ, "ಇನ್ನೂ ಕಾಯೋಣ." ಗೂಡಿನಲ್ಲಿ ಅವಳ ಬದಲು ಟಿಕೆಟ್ ಗುಮಾಸ್ತನೊಬ್ಬ ಕೂತು, ನಿದ್ದೆಗಣ್ಣಿನಲ್ಲಿ ಮಾತಾಡಿದವನಂತೆ ಕೂಗುತ್ತಿದ್ದನಂತೆ; ಜನ ತಪ್ಪು ಬಸ್ಸು ಹತ್ತಿ ಬೈದುಕೊಳ್ಳುತ್ತಿದ್ದರಂತೆ. "ನಾನೇ ಬೇಕು ಅಂತಾರೆ," ಎಂದು ಪಿಸುಗುಟ್ಟಿ ನಗುತ್ತಿದ್ದಳು. ನಕ್ಕರೆ ಕೆಮ್ಮು ಬರುತ್ತಿತ್ತು. ಆರು ತಿಂಗಳೊಳಗೆ ಧ್ವನಿ ಬಂದರೆ ಆ ಕುರ್ಚಿ ಅವಳದೇ ಎಂದು ನಿಲ್ದಾಣದ ಮೇಲಧಿಕಾರಿ ಮಾತು ಕೊಟ್ಟಿದ್ದರು.

ಐದನೆಯ ತಿಂಗಳ ಒಂದು ಭಾನುವಾರ ಬೆಳಿಗ್ಗೆ, ಅಕ್ಕ ಸಂಬಂಧಿಕರನ್ನು ಬಸ್ಸು ಹತ್ತಿಸಿ ಬಂದವಳು ಕೆಳಗಿನಿಂದಲೇ ಕೂಗಿದಳು, "ಲೋ! ಕೇಳಿಸ್ತಾ? ನಿನ್ನ ಮೈಕಕ್ಕಂಗೆ ಧ್ವನಿ ಬಂತಲ್ಲೋ! ಈಗ ತಾನೇ ಕೇಳಿಸ್ಕೊಂಡು ಬಂದೆ. ಮೊದಲಿನ ಹಾಗೇ, ಗಂಟೆ ಬಾರಿಸಿದ ಹಾಗೆ!"

ಅವನು ಮೆಟ್ಟಿಲು ಇಳಿದನೋ ಹಾರಿದನೋ. ಕಾಲಿಗೆ ಭಾವನ ಚಪ್ಪಲಿ, ಅದೂ ಒಂದು ಅಳತೆ ದೊಡ್ಡದು. ಚಟಚಟ ಸದ್ದು ಮಾಡುತ್ತ ರಸ್ತೆಯುದ್ದಕ್ಕೂ ಓಡಿದ. ನಿಲ್ದಾಣದ ಗೇಟಿನಲ್ಲೇ ಕೇಳಿಸಿತು. ಅದೇ ಧ್ವನಿ. ದುಂಡಗೆ, ತುಂಬಿಕೊಂಡು, ಕಂಬದಿಂದ ಕಂಬಕ್ಕೆ ಬಡಿದು ಬರುತ್ತಿತ್ತು. "ಪ್ರಯಾಣಿಕರು ದಯವಿಟ್ಟು ಗಮನಿಸಿ..." ಜಿಪ್ಪಣ್ಣ ಕಂಬ ಹಿಡಿದು ನಿಂತು ಗಳಗಳನೆ ಅತ್ತುಬಿಟ್ಟ. ಪಕ್ಕದಲ್ಲಿದ್ದ ಮುದುಕ "ಬಸ್ ತಪ್ಪೋಯ್ತಾ?" ಎಂದು ಕೇಳಿದ.

ಗಾಜಿನ ಗೂಡಿನ ಹತ್ತಿರ ಹೋದ. ಬೀಗ ಹಾಕಿತ್ತು. ಒಳಗೆ ಕುರ್ಚಿ ಖಾಲಿ. ಮೈಕಿನ ಜಾಗದಲ್ಲಿ ಒಂದು ಕಂಪ್ಯೂಟರ್, ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಇನ್ನೂ ತೆಗೆದಿರಲಿಲ್ಲ.

"ರೆಕಾರ್ಡಿಂಗು ಡಾಕ್ಟ್ರೇ," ಎಂದರು ಮೇಲಧಿಕಾರಿ, ಖುಷಿಯಾಗಿಯೇ. "ಆಪರೇಷನ್‌ಗೆ ಹೋಗೋ ಮುಂಚೆ ಮೂರು ದಿನ ಕೂತು ಎಲ್ಲಾ ಊರು, ಎಲ್ಲಾ ನಂಬರು ರೆಕಾರ್ಡ್ ಮಾಡಿ ಕೊಟ್ಟಿದ್ದಳು, ರಜಾದಲ್ಲಿ ತೊಂದ್ರೆ ಆಗ್ಬಾರ್ದು ಅಂತ. ಮಿಷನ್ ಬರೋದು ಲೇಟಾಯ್ತು, ಈ ವಾರ ಬಂತು. ಇನ್ನು ಆ ಕುರ್ಚಿಗೆ ಯಾರೂ ಬೇಕಾಗಿಲ್ಲ. ರಜಾ ಕೇಳಲ್ಲ, ನೀರು ಕುಡಿಯಲ್ಲ. ಅವಳನ್ನ ವಿಚಾರಣೆ ಕಿಟಕೀಲಿ ಕೂರಿಸಿದೀವಿ, ಕೆಲಸದಿಂದ ತೆಗೆದಿಲ್ಲ."

ಕೆಲಸವನ್ನು ಅವಳಿಂದ ತೆಗೆದದ್ದು ಅವಳದೇ ಧ್ವನಿ. ಜಿಪ್ಪಣ್ಣ ಭಾವನ ಚಪ್ಪಲಿ ಎಳೆದುಕೊಂಡು ಮನೆಗೆ ಬಂದ.

ಆರನೆಯ ತಿಂಗಳು ಕನ್ನಡಿ ಹಿಡಿದಾಗ ಹಲಗೆ ಅಲ್ಲೇ ಇತ್ತು. ಕನ್ನಡಿ ಇಟ್ಟು, ಕೈಗವಸು ತೆಗೆದು, ಅವನು ಸ್ಟೂಲನ್ನು ಅವಳ ಹತ್ತಿರಕ್ಕೆ ಎಳೆದುಕೊಂಡ.

"ಇನ್ನು ಬರಲ್ಲ ಅಕ್ಕಾ."

ಆಕೆ ತಲೆಯಾಡಿಸಿದಳು. ಅವಳಿಗೆ ಮೊದಲೇ ಗೊತ್ತಾಗಿತ್ತು.

"ಅವತ್ತು ಕೇಳಿದ್ರಲ್ಲ, ಎಷ್ಟು ಮಾಡಿದೀರಿ ಅಂತ. ಅರವತ್ತೆರಡು ಸಲ ತೆರೆದಿದ್ದೆ, ಮುಚ್ಚಿದ್ದೆ. ನಡುವಿನ ಕೆಲಸ ಬೇರೆಯವರು ಮಾಡ್ತಿದ್ರು. ನಾನೇ ಪೂರ್ತಿ ಮಾಡಿದ್ದು... ನೀವೇ ಮೊದಲನೆಯವರು. ನರ ತುಂಡಾಗಿದ್ದು ಅವತ್ತೇ ನೋಡಿದ್ದೆ. ಬೇರೇನೋ ಇರಬೇಕು ಅಂದುಕೊಂಡೆ."

ಮೈಕಕ್ಕ ಅವನ ಕಡೆ ಬಗ್ಗಿದಳು. ಕೇಳಿಸಿಕೊಳ್ಳಲು ಅವನೂ ಬಗ್ಗಬೇಕಾಯಿತು.

"ನನ್ನ ಹತ್ರ ತಾರೀಖು ಇತ್ತು."

"ಹೂಂ."

"ನಿಮ್ಮ ಮುಂದೇನೇ ಫೋನ್ ಮಾಡಿ ಬಿಟ್ಟುಕೊಟ್ಟೆ. ನೀವು ನೋಡ್ತಾ ಕೂತಿದ್ರಿ."

ಅವನು ಅದನ್ನೂ ಒಪ್ಪಿಕೊಂಡ.

"ಒಂದು ಮಾತು. ಇದರಿಂದ ಕಲಿತೆ ಅಂತ ಮಾತ್ರ ಹೇಳ್ಬೇಡಿ. ನನ್ನ ಗಂಟಲು ನಿಮ್ಮ ಪಾಠದ ಪುಸ್ತಕ ಅಲ್ಲ."

ಸರಿಯಾಗಿ ಅದೇ ಮಾತನ್ನು ಅವನು ಹಿಂದಿನ ದಿನದಿಂದ ಬಾಯಿಪಾಠ ಮಾಡಿಕೊಂಡು ಬಂದಿದ್ದ. ನುಂಗಿಕೊಂಡ.

ಆಕೆ ದೂರು ಕೊಟ್ಟಳು. ಕೊಡಿ ಎಂದು ಅರ್ಜಿಯ ನಮೂನೆ ತಂದುಕೊಟ್ಟವನೂ ಅವನೇ. ವಿಚಾರಣೆಗೆ ಮೂವರು ಬಂದರು, ಬಿಸ್ಕತ್ತು ತಿಂದರು, ಲಾಗ್‌ಬುಕ್ ತರಿಸಿ ನೋಡಿದರು. ತಾನು ಸ್ವತಂತ್ರವಾಗಿ ಒಂದನ್ನೂ ಮಾಡಿರಲಿಲ್ಲವೆಂದು ಜಿಪ್ಪಣ್ಣ ಎರಡು ಪುಟ ಬರೆದುಕೊಟ್ಟಿದ್ದ. ಮೇಡಂ ಅದನ್ನು ಓದಿ ಬೆವರಿದರು. "ಇದನ್ನ ಒಪ್ಪಿಕೊಂಡ್ರೆ ನಿಮ್ಮ ಒಬ್ಬರದಲ್ಲ ಡಾಕ್ಟ್ರೇ, ನಿಮ್ಮ ಜೊತೆ ಪಾಸಾದವರೆಲ್ಲರ ಪುಸ್ತಕ ಬಿಚ್ಚಬೇಕಾಗತ್ತೆ. ಯಾರು ಬಿಚ್ತಾರೆ?" ಯಾರೂ ಬಿಚ್ಚಲಿಲ್ಲ. ವರದಿ ಬಂತು: ವೈದ್ಯರು ಅರವತ್ತೆರಡು ಪ್ರಕರಣಗಳ ಅನುಭವ ಉಳ್ಳವರು, ಇದು ಮೊದಲೇ ತಿಳಿಸಲಾದ ಅಪಾಯ, ನಿರ್ಲಕ್ಷ್ಯ ಕಂಡುಬಂದಿಲ್ಲ. ಅವನ ಎರಡು ಪುಟಗಳ ಬಗ್ಗೆ ಒಂದೇ ಸಾಲು: ವೈದ್ಯರು ಘಟನೆಯಿಂದ ಮಾನಸಿಕವಾಗಿ ನೊಂದಿದ್ದಾರೆ.

ಸುಳ್ಳು ಅವನನ್ನು ಕಾಪಾಡಿತು. ಕೇಳದೇ ಇದ್ದರೂ ಕಾಪಾಡಿತು.

'ಕುತ್ತಿಗೆಯ ಆಪರೇಷನ್ ಸದ್ಯಕ್ಕೆ ಇಲ್ಲ' ಎಂಬ ಬೋರ್ಡನ್ನು ಅವನು ತಾನೇ ಬರೆದು ಅಂಟಿಸಿದ. ಮೇಡಂ ಹತ್ತಿರ ಸಂಬಳವಿಲ್ಲದೆ ಮಂಗಳವಾರದ ರಜೆ ಕೇಳಿ ಪಡೆದ. ಮೂರು ಗಂಟೆ ದೂರದ ಇನ್ನೊಂದು ಆಸ್ಪತ್ರೆಯಲ್ಲಿ ಮೊದಲು ಇಲ್ಲಿದ್ದ ಆ ನಿವೃತ್ತ ಸರ್ಜನ್ ವಾರಕ್ಕೊಮ್ಮೆ ಬಂದು ಹೋಗುತ್ತಿದ್ದರು. ಕೈ ನಡುಗಲು ಶುರುವಾಗಿತ್ತು, ಚಾಕು ಹಿಡಿಯುತ್ತಿರಲಿಲ್ಲ. ಸಿಸ್ಟರ್ ಫೋನು ಮಾಡಿ ಹೇಳಿದ್ದಕ್ಕೆ ಮುದುಕರು ಇಷ್ಟೇ ಅಂದಿದ್ದರಂತೆ: "ಬರಲಿ. ಅವನು ಬಲಗಡೆ ನಿಲ್ಲಲಿ, ಎಡಗಡೆ ನಾನಿರ್ತೀನಿ. ಯಾರ ಕೈ, ಎಷ್ಟನೇದು ಅಂತ ರೋಗಿಗೆ ಮೊದಲೇ ಹೇಳಿರಬೇಕು." ಹಾಗೆ ಹೇಳಿದ ಕೂಡಲೇ ಮೊದಲ ರೋಗಿ ಚೀಲ ಎತ್ತಿಕೊಂಡು ಎದ್ದು ಹೋದ. ಎರಡನೆಯವಳೂ ಹೋದಳು. ಅವರದ್ದು ಸರಿಯೇ.

ನಾಲ್ಕನೆಯ ಮಂಗಳವಾರ, ಬೆಳಿಗ್ಗೆ, ಅವನು ಬಸ್ ನಿಲ್ದಾಣದಲ್ಲಿ ನಿಂತಿದ್ದ. ರಸ್ತೆ ಅಗೆದಿದ್ದಾರೆಂದು ಆ ದಿನ ಬಸ್ಸುಗಳ ಜಾಗವೆಲ್ಲ ಅದಲುಬದಲು. ಅದು ಕಂಪ್ಯೂಟರಿಗೆ ಗೊತ್ತಿರಲಿಲ್ಲ. "ಪ್ರಯಾಣಿಕರು ದಯವಿಟ್ಟು ಗಮನಿಸಿ," ಎಂದಿತು ತಲೆಯ ಮೇಲೆ ಆ ದುಂಡು ಧ್ವನಿ, ಕಿಂಚಿತ್ತೂ ದಣಿಯದೆ, "ಪ್ಲಾಟ್‌ಫಾರ್ಮ್ ಸಂಖ್ಯೆ ಎರಡು." ಜನ ಗಂಟುಮೂಟೆ ಎತ್ತಿಕೊಂಡು ಎರಡಕ್ಕೆ ಓಡಿದರು. ಅಲ್ಲಿ ಮಣ್ಣಿನ ಗುಡ್ಡೆ. ಬೈಗುಳ ಎದ್ದಿತು.

ವಿಚಾರಣೆಯ ಕಿಟಕಿಯ ಹಿಂದೆ ಮೈಕಕ್ಕ ಎದ್ದು ನಿಂತಳು. ಬಾಯಿ ತೆರೆದಳು, ಅಷ್ಟು ಗಲಾಟೆಯಲ್ಲಿ ಅದು ಗಾಜಿನಾಚೆ ಬರಲಿಲ್ಲ. ಬಾಯಿ ಮುಚ್ಚಿ ಕೈ ಎತ್ತಿದಳು. ಒಬ್ಬೊಬ್ಬರಾಗಿ ಜನ ಅವಳ ಕಡೆ ತಿರುಗಿದರು. ಜಿಪ್ಪಣ್ಣನೂ ತಿರುಗಿದ. ಅವನ ಮೇಲೆ ಕಣ್ಣು ಬಿದ್ದಾಗ ಆ ಕೈ ಒಂದು ಕ್ಷಣ ಅಲ್ಲೇ ನಿಂತಿತು.

ಆಮೇಲೆ ಬೇರೆಲ್ಲರಿಗೆ ತೋರಿಸಿದ ಹಾಗೆಯೇ ಅವನಿಗೂ ತೋರಿಸಿದಳು. ನಾಲ್ಕು ಬೆರಳು. ಅವನು ನಾಲ್ಕನೆಯ ಪ್ಲಾಟ್‌ಫಾರ್ಮಿಗೆ ಹೋಗಿ ಬಸ್ಸು ಹತ್ತಿದ.